ಕತ್ತಲಾಗದ ಊರು

“ಆ ಹೆಂಗಸು ಯಾರು?”

ಮುದುಕಿ ಲೋಟ ಕುಕ್ಕಿದ ರಭಸಕ್ಕೆ ಅರ್ಧ ಚಹಾ ತಟ್ಟೆಗೆ ಬಂತು. ಎದುರಿಗೆ ಕೂತಿದ್ದ ಬಡಗಿ ತಟ್ಟೆಯನ್ನೇ ನೋಡಿದ. ಅವನೂ ಅವಳ ಗಂಡನೂ ಯುದ್ಧದಲ್ಲಿ ಒಂದೇ ತುಕಡಿಯವರು. ಇವನದು ಮರಗೆಲಸ, ಗಂಡನದು ವಿದ್ಯುತ್ ಕೆಲಸ. ಇಬ್ಬರೂ ಬಂದೂಕು ಮುಟ್ಟಿದವರಲ್ಲ. ಗಂಡ ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಅವನು ಹೊರಬರುವುದರೊಳಗೆ ಇತ್ಯರ್ಥವಾಗಬೇಕಿತ್ತು. ಉತ್ತರ ತಾನೆಣಿಸಿದ್ದೇ ಆದರೆ ಅವಳು ಮಧ್ಯಾಹ್ನದ ಬಸ್ಸಿಗೆ ತಂಗಿಯ ಮನೆಗೆ ಹೊರಡುವವಳು, ಮತ್ತೆ ಬರುವ ಮಾತಿಲ್ಲ.

ಮದುವೆಯಾದಾಗಿನಿಂದ, ಯುದ್ಧಕಾಲದಲ್ಲಿ ಗಂಡ ಇದ್ದ ಊರಿನ ಪುರಾಣವನ್ನು ಅವನ ಬಾಯಲ್ಲಿ ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟುಹಿಡಿದಿತ್ತು. ಬೇರೆ ಸೈನಿಕರು ಯುದ್ಧವೆಂದರೆ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಾರೆ. ಗಂಡನ ಮುಖ ಮಾತ್ರ ಅರಳುತ್ತಿತ್ತು. ಎಂಥ ಊರು! ಬೇಕರಿಯ ಚಿಮಣಿಯಲ್ಲಿ ಹೊಗೆ ತಪ್ಪಿದ ದಿನವಿಲ್ಲ, ಅಂಗಡಿಯ ಮುಂದೆ ಜನ ಸಾಲು ನಿಂತದ್ದಿಲ್ಲ. ಟ್ರಾಮಿನಲ್ಲಿ ನೂಕುನುಗ್ಗಲಿಲ್ಲ. ನೆರೆಹೊರೆಯವರು ಜಗಳವಾಡಿದ್ದನ್ನು ಇವನು ಕಂಡೇ ಇಲ್ಲ. ಬಾಂಬು ಬಿದ್ದರೆ ಮಾರನೆಯ ಸಂಜೆಯೊಳಗೆ ಬಡಗಿ ಬೀದಿಯನ್ನು ರಿಪೇರಿ ಮಾಡಿ ಮುಗಿಸುತ್ತಿದ್ದನಂತೆ. ಊರಿನ ಹೆಸರು ಕೇಳಿದರೆ ಮಾತ್ರ ಬಾಯಿಗೆ ಬೀಗ.

“ಹೇಳೋ ಹಾಗಿಲ್ಲ ಕಣೇ, ಆಣೆ ಮಾಡಿಸ್ಕೊಂಡಿದಾರೆ,” ಎನ್ನುತ್ತಿದ್ದ.

ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಅದೇ ಯುದ್ಧದಲ್ಲಿ ಅವಳು ತನ್ನೂರಿನ ನೆಲಮಾಳಿಗೆಯಲ್ಲಿ ತಾಯಿಗೆ ಅಂಟಿಕೊಂಡು ಕೂತಿದ್ದಳು. ವಿಮಾನಕ್ಕೆ ಬೆಳಕು ಕಾಣದ ಹಾಗೆ ಊರಿನ ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಬೆಂಕಿಕಡ್ಡಿ ಗೀರಿದರೂ ಕಾವಲಿನವನು ಬಂದು ಬಾಗಿಲು ಬಡಿಯುತ್ತಿದ್ದ. ವಿಮಾನಗಳು ತಲೆಯ ಮೇಲೆ ಗುಡುಗಿಕೊಂಡು ಹೋಗುತ್ತಿದ್ದವು. ಇವನ ಊರಿನಲ್ಲೋ, ಸಂಜೆಯಾದರೆ ಮನೆಮನೆಗೂ ದೀಪ!

ಅದನ್ನೂ ಅವಳು ನುಂಗಿಕೊಂಡಿದ್ದಳು. ಆದರೆ ನಿನ್ನೆ ಊಟಕ್ಕೆ ಕೂತಾಗ ಅವನು ತುತ್ತನ್ನು ಕೈಯಲ್ಲೇ ಹಿಡಿದು ಹೊಸ ಸಂಗತಿಯೊಂದನ್ನು ಹೊರಗೆಡವಿದ. ಮೂಲೆಮನೆಯ ಕಿಟಕಿಯಲ್ಲಿ ಒಬ್ಬ ಹೆಂಗಸು ಕೂತಿರುತ್ತಿದ್ದಳಂತೆ. ದೀಪ ಹಚ್ಚಲು ಹೋದಾಗಲೆಲ್ಲ ಇವನು ಅವಳ ಹತ್ತಿರ ಸುಖದುಃಖ ಹೇಳಿಕೊಂಡು ಬರುತ್ತಿದ್ದನಂತೆ.

“ಒಂದು ಸಲಾನೂ ಎದುರಾಡಿದವಳಲ್ಲ,” ಎಂದು ನಿಟ್ಟುಸಿರು ಬೇರೆ ಬಿಟ್ಟ.

ಮುದುಕಿಯನ್ನು ಕೊಂದದ್ದು ಆ ನಿಟ್ಟುಸಿರು. ಇಷ್ಟು ವರ್ಷ ತಾನು ಸಂಸಾರ ಮಾಡಿದ್ದು ಇನ್ನೊಬ್ಬಳು ಬಿಟ್ಟುಹೋದ ಜಾಗದಲ್ಲಿ ಎಂದು ಅವಳಿಗೆ ಅಳು ಬಂದಿತ್ತು.

“ಮುಚ್ಚಿಡಬೇಡಿ,” ಎಂದಳು ಈಗ. “ಮೂಲೆಮನೆಯವಳು. ನೋಡೋಕೆ ಚೆನ್ನಾಗಿದ್ದಳಾ?”

“ಸುಮಾರು,” ಎಂದ ಬಡಗಿ. “ಮೂಗು ಸೊಟ್ಟ. ಉಳಿ ಜಾರಿಬಿಡ್ತು.”

“ಏನು ಜಾರಿತು?”

“ಉಳಿ. ನಾನೇ ಮಾಡಿದ್ದು ಅತ್ತಿಗೆ ಅವಳನ್ನ, ಹಳೇ ಪೆಟ್ಟಿಗೆ ಹಲಗೇಲಿ. ಮನೆಗಳೂ ಹಲಗೆ, ಟ್ರಾಮೂ ಹಲಗೆ. ಬೇಕರಿ ಒಳಗೆ ಒದ್ದೆ ಹುಲ್ಲು ಹಾಕಿ ಹೊಗೆ ಎಬ್ಬಿಸ್ತಿದ್ವಿ. ಜನ ಅಂತ ಇದ್ದಿದ್ದು ನಾವಿಬ್ಬರೇ. ಆಣೆ ಹಾಕ್ಸಿದೋರೆಲ್ಲ ಸತ್ತುಹೋದ್ರು, ಈಗ ಹೇಳಿದ್ರೆ ಏನಂತೆ.”

ಅವಳು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತಳು. ಮರದ ಗೊಂಬೆಯ ಮೇಲೆ ಮತ್ಸರಪಟ್ಟೆನಲ್ಲ ಎಂದು ನಗು ಬಂತು. ನಗುವಿನ ಬೆನ್ನಿಗೇ ಹಳೆಯ ಸಿಟ್ಟೆಲ್ಲ ಒಟ್ಟಿಗೆ ಬಂತು.

“ನಾವು ಕತ್ತಲಲ್ಲಿ ಜೀವ ಕೈಲಿ ಹಿಡ್ಕೊಂಡು ಕೂತಿದ್ರೆ, ನೀವಿಬ್ಬರು ಗಂಡಸರು ದೀಪ ಹಚ್ಕೊಂಡು ಬೊಂಬೆಯಾಟ ಆಡ್ತಿದ್ರಾ?”

ಬಡಗಿ ತಟ್ಟೆಯ ಚಹಾವನ್ನು ಜೋಪಾನವಾಗಿ ಲೋಟಕ್ಕೆ ಸುರಿದುಕೊಂಡ.

“ನಿಮ್ಮೂರು ಗುಡ್ಡದ ಆಚೆಗೇ ಇತ್ತಲ್ಲ ಅತ್ತಿಗೆ, ಅದರ ಮೇಲೆ ಬೀಳಬೇಕಾದ ಬಾಂಬು ನಮ್ಮ ಮೇಲೆ ಬೀಳ್ಲಿ ಅಂತ ತಾನೇ ಇವನು ದಿನಾ ಸಂಜೆ ದೀಪ ಹಚ್ತಿದ್ದದ್ದು?”