ಖಾಲಿ ಆಕಾಶಕ್ಕೊಂದು ಬಾಣ

ಮೊಬೈಲ್ ಪರದೆಯ ಮೇಲಿನ ಕೋಟೆಗೆ ಡ್ರ್ಯಾಗನ್ ರೆಕ್ಕೆ ಬಿಚ್ಚಿ ಎರಗಿದಾಗ ಆಶಾರಾಣಿಯ ಬಿಲ್ಲುಗಾರ್ತಿಯ ಬತ್ತಳಿಕೆಯಲ್ಲಿ ಉಳಿದಿದ್ದು ಒಂದೇ ಬಾಣ. ಜೊತೆಗೆ ಆಡುತ್ತಿದ್ದ ತಮ್ಮ ಚೆಲುವರಾಜುವಿನ ಕತ್ತಿವೀರ ಆಗಲೇ ಸುಟ್ಟು ಬಿದ್ದಿದ್ದ. ಹೆಮ್ಮಿಗೆಯ ಡೇರಿ ಜಗಲಿಯಲ್ಲಿ, ಸಂಜೆಯ ಹಾಲು ಬರುವ ಮುಂಚೆ, ಒಂದು ವಾರದಿಂದ ಇಬ್ಬರೂ ಇದೇ ಡ್ರ್ಯಾಗನ್‌ಗೆ ಸೋಲುತ್ತಿದ್ದರು.

"ಅವತ್ತೇ ಬಡ್ಕೊಂಡೆ, ಮೈಗೆ ಕವಚ ತಗೋ ಅಂತ. ಆಟ್ದಲ್ಲಿ ಗೆದ್ದ ಪಾಯಿಂಟೆಲ್ಲಾ ಬಿಲ್ಲುಗಾರ್ತಿ ಕಣ್ಗೂ ಕೈವೇಗಕ್ಕೂ ಸುರುದ್ಬುಟ್ಟೆ. ಒಂದೇ ಏಟ್ಗೆ ಸತ್ತೋಯ್ತಾಳೆ, ನೋಡ್ತಿರು," ಅಂದ ಚೆಲುವರಾಜು.

ಆಶಾರಾಣಿ ಹೆಬ್ಬೆರಳಲ್ಲಿ ಹೆದೆಯನ್ನು ಎಳೆದು ಹಿಡಿದೇ ಇದ್ದಳು. ಇಷ್ಟು ದಿನ ಅವಳು ಡ್ರ್ಯಾಗನ್ನಿನ ಎದೆಗೇ ಗುರಿಯಿಟ್ಟಿದ್ದಳು. ಬಾಣ ಮುಟ್ಟುವಷ್ಟರಲ್ಲಿ ಅದು ಮುಂದೆ ಸರಿದಿರುತ್ತಿತ್ತು. ಇವತ್ತು ಅದರ ಹಾರಾಟ ನೋಡುತ್ತಿದ್ದಂತೆ, ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟಣೆ ಹತ್ತಿ ಕವಣೆ ಬೀಸಿ ಗಿಳಿ ಓಡಿಸುತ್ತಿದ್ದದ್ದು ತೋಳಿಗೇ ನೆನಪಾಯಿತು. ಗಿಳಿ ಇದ್ದ ಕಡೆಗೆ ಬೀಸಿದ ಕಲ್ಲು ಯಾವತ್ತೂ ಗಿಳಿಗೆ ತಾಗಿರಲಿಲ್ಲ. ಅವಳು ಬಿಲ್ಲನ್ನು ಡ್ರ್ಯಾಗನ್ನಿನ ಮುಂದಕ್ಕೆ, ಖಾಲಿ ಆಕಾಶಕ್ಕೆ ತಿರುಗಿಸಿ ಬೆರಳೆತ್ತಿದಳು.

"ಎಲ್ಲಿಗಕ್ಕಾ ಒಡೀತಿದ್ದೀಯ? ಅಲ್ಲೇನದೆ ಮಣ್ಣು!"

"ಬತ್ತದೆ ಕಣ್ಲಾ, ಇರು."

ಬಂತು. ಬಾಣಕ್ಕೆ ತಾನೇ ಎದೆಯೊಡ್ಡಿದ ಹಾಗೆ ಹಾರಿ ಬಂದ ಡ್ರ್ಯಾಗನ್, ಗಿರಕಿ ಹೊಡೆದು ಕೋಟೆಯ ಮೇಲೆ ದೊಪ್ಪನೆ ಬಿತ್ತು. ಮೊದಲ ಹಾಲಿನ ಕ್ಯಾನು ಹಿಡಿದು ಬಂದ ಜವರಯ್ಯ ಆಶಾರಾಣಿಯ ಕೇಕೆಗೆ ಬೆಚ್ಚಿ ಮೆಟ್ಟಿಲಲ್ಲೇ ನಿಂತ. ಚೆಲುವರಾಜು ಮಾತ್ರ ತಲೆಯೆತ್ತಲಿಲ್ಲ. ಮುಂದಿನ ಆಟಕ್ಕೆಂದು ತನ್ನ ವೀರನ ಮೈಮೇಲಿನ ಕವಚವನ್ನು ಒಂದೊಂದಾಗಿ ಕಳಚುತ್ತಾ ಮೆಲ್ಲಗೆ ಕೇಳಿದ:

"ಅಕ್ಕೋ, ಕಣ್ಗೆ ಎಷ್ಟು ಪಾಯಿಂಟ್ ಆಕಿದ್ದೆ?"