ಈ ವರ್ಷದ ರೋಗ

ಪರದೇಶದವರು ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ನರ್ಸ್ ಗುಳಿಗೆ ಇಲ್ಲವೆಂದಾಗ, ಹುಲಿಗೆಮ್ಮ ಕೆಮ್ಮುತ್ತಿದ್ದ ಮಗನನ್ನು ಸೆರಗಿನೊಳಗೆ ಎಳೆದುಕೊಂಡಳು.

“ಹೋದ ವರ್ಷ ಕೊಟ್ಟಿದ್ರಲ್ಲ, ಅಕ್ಕಾರ?”

“ಆಗ ಕ್ಷಯದ ಔಷಧ ಕಳಸ್ತಿದ್ರವ್ವಾ. ಈ ವರ್ಷ ಮಲೇರಿಯಾನ ಮುಖ್ಯ ಅಂತ ಮ್ಯಾಲಿನವರು ಗೊತ್ತುಮಾಡ್ಯಾರ. ಮಲೇರಿಯಾ ಬಂದ ಕೂಸಿಗಷ್ಟ ಮಂಚ, ಡಾಕ್ಟರು.”

“ಇವ ಉಳಿಬೇಕಲ್ರಿ. ರೋಗಕ್ಕೂ ವರ್ಷದ ಪಾಳಿ ಐತೇನ್ರಿ?”

ನರ್ಸ್ ತಲೆ ತಗ್ಗಿಸಿದಳು. “ನನ್ನ ಕೈಯಾಗ ಏನೈತವ್ವಾ.”

“ಮಲೇರಿಯಾ ಬಂದ ಕೂಸು ಕೆಮ್ಮಿದ್ರ?”

“ಒಳಗ ಸೇರಿಸ್ಕೊಂಡ ಮ್ಯಾಲ ಎಲ್ಲಾ ರೋಗಕ್ಕೂ ಔಷಧ ಕೊಡಬೇಕಾಗತೈತಿ.”

ಹುಲಿಗೆಮ್ಮ ಕೈಮುಗಿದು ಹೊರಟಳು. ಹೊತ್ತು ಮುಳುಗುವಾಗ ಮಗನ ಅಂಗಿ ಬಿಚ್ಚಿ, ಸೊಳ್ಳೆ ಗುಂಯ್‌ಗುಡುವ ಚರಂಡಿಯ ದಂಡೆಗೆ ಕೂತು, ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡಳು.