ಮಾಹಿರಾಳ ಟಿ.ಸಿ.

ಬಾಯಿಗೆ ಹಾಕಿಕೊಂಡ ಪೇಡಾ ಇನ್ನೂ ಕರಗಿರಲಿಲ್ಲ. ಅಷ್ಟರಲ್ಲಿ ಮಾಹಿರಾಳ ತಾಯಿ ಶರೀಫುನ್ನೀಸಾ, "ಮಾಹಿರಾದು ಟಿ.ಸಿ. ಕೊಟ್ಬುಡಿ ಮಿಸ್" ಎಂದಳು. ಕೋಮಲಾ ಟೀಚರ್ ಪೇಡಾ ಅಗಿಯುವುದನ್ನೇ ನಿಲ್ಲಿಸಿದಳು.

ಗುಬ್ಬಿಯ ಆ ಸರ್ಕಾರಿ ಶಾಲೆಯಿಂದ ಈ ಸಲ ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾದವಳು ಎಂಟನೇ ಕ್ಲಾಸು ಮುಗಿಸಿದ ಮಾಹಿರಾ ಒಬ್ಬಳೇ. ಪಾಸಾಗಿದ್ದೇನು ಸುಮ್ಮನೆಯೇ? ಚಳಿಗಾಲ ಪೂರ್ತಿ ಕೋಮಲಾ ಬೆಲ್ಲಿಗೆ ಮುಂಚೆಯೇ ಬಂದು ಅವಳನ್ನು ಕೂರಿಸಿಕೊಂಡಿದ್ದಳು. ಉತ್ತರ ಗೊತ್ತಿದ್ದರೂ ಆತುರಕ್ಕೆ ಬಿದ್ದು, ಓಎಂಆರ್ ಹಾಳೆಯಲ್ಲಿ ಸರಿಯುತ್ತರದ್ದು ಬಿಟ್ಟು ಪಕ್ಕದ ಸೊನ್ನೆಗೆ ಇಂಕು ತುಂಬುವ ಹುಡುಗಿ. ಬೈದು, ರಮಿಸಿ, ದಾರಿಗೆ ತರುವಷ್ಟರಲ್ಲಿ ಸಾಕೋಸಾಕಾಗಿತ್ತು. ಎಂಟಕ್ಕೇ ಓದು ಬಿಡಿಸಿ ಹೊಲಿಗೆಗೆ ಕೂರಿಸುತ್ತೇವೆ ಎನ್ನುತ್ತಿದ್ದ ಮನೆಯವರು, ಪಿಯುಸಿವರೆಗೂ ಸರ್ಕಾರದ ದುಡ್ಡು ಬರುತ್ತದೆ ಎಂದು ತಿಳಿದ ಮೇಲೆ ತೆಪ್ಪಗಾಗಿದ್ದರು.

"ಟಿ.ಸಿ. ಯಾಕಮ್ಮ ಈಗ?"

"ಟೌನಿನ ಇಂಗ್ಲಿಷ್ ಶಾಲೆಯವ್ರೇ ಮನೆಗ್ ಬಂದಿದ್ರು ಮಿಸ್! ನಿಮ್ ಹುಡುಗಿ ಜಾಣೆ, ಈ ವರ್ಷ ಫೀಸೇ ಬೇಡ ಅಂದ್ರು. ಯೂನಿಫಾರಂ ಬಟ್ಟೆನೂ ಕೊಟ್ಟವ್ರೆ." ಹೇಳುವಾಗ ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು.

ಕೋಮಲಾಗೆ ಸಿಟ್ಟು ನೆತ್ತಿಗೇರಿತು. ನೀರು ಹಾಕಿ ಬೆಳೆಸುವವರು ಒಬ್ಬರು, ಕಿತ್ತುಕೊಂಡು ಹೋಗುವವರು ಇನ್ನೊಬ್ಬರು!

"ಅಲ್ಲಿಗೆ ಹೋದ್ರೆ ಸ್ಕಾಲರ್‌ಶಿಪ್ ನಿಂತುಹೋಗತ್ತೆ ಕಣಮ್ಮ. ಅದು ಪ್ರೈವೇಟ್ ಶಾಲೆಗೆ ಸಿಗಲ್ಲ. ಮುಂದಿನ ವರ್ಷ ಅವರು ಫೀಸ್ ಕೇಳಿದ್ರೆ ಏನ್ ಮಾಡ್ತೀಯ? ಆಗ ಇವಳನ್ನ ಮತ್ತೆ ಹೊಲಿಗೆಗೆ ಕೂರಿಸ್ತೀಯಾ?"

ಶರೀಫುನ್ನೀಸಾಳ ಮುಖ ಚಿಕ್ಕದಾಯಿತು. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ನೋಡಿದಳು. ಆಮೇಲೆ ಅನುಮಾನದಿಂದಲೇ ಕೇಳಿದಳು. "ಆದ್ರೂ ಪಾಠ ಅಲ್ಲೇ ಚೆನ್ನಾಗ್ ಆಗ್ತದಂತಲ್ಲ ಮಿಸ್?"

"ಯಾರು ಹೇಳಿದ್ದು? ಅಲ್ಲಿರೋದು ಬರೀ ಟೈ, ಬೂಟು. ಪಾಠ ಅಂದ್ರೆ ನಮ್ಮದೇ. ನನ್ನ ಮೇಲೆ ನಂಬಿಕೆ ಇಲ್ವಾ?"

"ಅಯ್ಯೋ, ನಿಮ್ ಮೇಲೆ ನಂಬಿಕೆ ಇಲ್ದೆ ಇರ್ತದಾ? ಹಂಗಾದ್ರೆ ಟಿ.ಸಿ. ಬೇಡ ಬುಡಿ, ಇಲ್ಲೇ ಓದ್ಲಿ."

ಹೋದ ಜೀವ ಬಂದಂತಾಗಿ ಕೋಮಲಾ ಕುರ್ಚಿಗೆ ಒರಗಿದಳು. ಶರೀಫುನ್ನೀಸಾ ಪೇಡಾದ ಡಬ್ಬಿಯನ್ನು ಮತ್ತೆ ಮುಂದೆ ಹಿಡಿದಳು. ಅವಳ ದನಿಯಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ.

"ನಿಮ್ ಮಗಳು ಇಂಪನಾನೂ ಆ ಇಂಗ್ಲಿಷ್ ಶಾಲೆಯಿಂದ ಬಿಡ್ಸಿ ಇಲ್ಲಿಗೇ ಹಾಕ್ಬುಡಿ ಮಿಸ್. ಅವ್ಳೂ ಈಗ ಒಂಬತ್ನೇ ಕ್ಲಾಸೇ ಅಲ್ವಾ, ಇಬ್ರೂ ಒಟ್ಟಿಗೆ ಓದ್ಕೋತಾರೆ."

ಮಾಹಿರಾ ಖುಷಿಯಿಂದ ಬಾಗಿಲು ಬಿಟ್ಟು ಒಳಗೆ ಬಂದಳು.

"ಇಂಪನಾ ಯಾವತ್ತಿಂದ ಬರ್ತಾಳೆ ಮಿಸ್?"